ಗಿಡದ ಅಪ್ಪಣೆ, ವೈದ್ಯನ ಮೌನ

ವಿಜಯಪುರ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ತಿಕೋಟಾ ತಾಲ್ಲೂಕಿನ ಕನಮಡಿಯ ಆಸುಪಾಸಿನಿಂದ ಗಡಿಯಾಚೆಗೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನವರೆಗೆ ಹರಡಿಕೊಂಡಿರುವ ಒಣಬೇಸಾಯದ ಸೀಮೆಯಲ್ಲಿ ಗಿಡಮೂಲಿಕೆಯ ಚಿಕಿತ್ಸೆಯನ್ನು ಜನ ಗಾಂವಟಿ ಔಷಧವೆಂದು ಕರೆಯುತ್ತಾರೆ. ಆ ಔಷಧವನ್ನು ಕೊಡುವವರು ಉತ್ತರ ಕರ್ನಾಟಕದ ಬೇರೆ ಕಡೆಗಳಲ್ಲಿರುವಂತೆ ಇಲ್ಲಿಯೂ ಮೂರು ಕಟ್ಟಳೆಗಳಿಗೆ ಕಟ್ಟುಬಿದ್ದವರು: ಗಿಡದ ಅಪ್ಪಣೆ ಪಡೆಯದೆ ಅದರ ಬೇರಿಗೆ ಕೈ ಹಚ್ಚಬಾರದು, ಕೊಟ್ಟ ಔಷಧಕ್ಕೆ ಹಣ ಮುಟ್ಟಬಾರದು, ಗಿಡದ ಹೆಸರನ್ನು ಪರರಿಗೆ ಹೇಳಬಾರದು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಯಾವುದೊಂದನ್ನು ಮುರಿದರೂ ಔಷಧದ ಗುಣ ಹೋಗುತ್ತದೆಂಬ ನಂಬಿಕೆಯೂ ಒಂದೇ. ಈ ಕಟ್ಟಳೆಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರೂ ಪರಂಪರೆಯೆಂದು ತಲೆಯ ಮೇಲೆ ಹೊರುವವರೂ ಅವುಗಳನ್ನು ಒಂದೇ ಕಂತೆಯಾಗಿ ನೋಡುತ್ತಾರೆ. ಅವುಗಳ ಹಿಂದೆ ಯಾವ ತತ್ತ್ವವಿದೆ, ಮೂರೂ ಆ ಒಂದೇ ತತ್ತ್ವದಿಂದ ಹುಟ್ಟಿದವೇ ಎಂದು ಬಿಡಿಸಿ ನೋಡುವ ಕೆಲಸ ಮಾತ್ರ ಅಷ್ಟಾಗಿ ನಡೆದಿಲ್ಲ. ಕೀಲುಗಳನ್ನು ಹಿಡಿದು ಹಿಂಡುವ ವಾತರಕ್ತವೆಂಬ ಒಂದು ರೋಗವನ್ನು, ಅಂದರೆ ಇಂದಿನ ವೈದ್ಯರು ಗೌಟ್ ಎನ್ನುವುದನ್ನು, ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರೀಕ್ಷಿಸಬಹುದು. ಏಕೆಂದರೆ ಈ ರೋಗದಲ್ಲಿ ದೇಹದ ನೋವು, ಊಟದ ನೀತಿ, ಪೂರ್ವಕರ್ಮದ ಮಾತು, ಗಿಡದ ಗುಣ ಎಲ್ಲವೂ ಒಂದಕ್ಕೊಂದು ತೊಡಕಿಕೊಂಡಿವೆ.

ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ ಕಾಣುವ ಈ ಜಿಲ್ಲೆಯಲ್ಲಿ ಕಾಡೆಂಬುದು ಹೆಸರಿಗಷ್ಟೆ. ಔಷಧಿಯ ಗಿಡಗಳು ಬೆಳೆಯುವುದು ಹೊಲದ ಬದುಗಳಲ್ಲಿ, ಹಳ್ಳದ ದಂಡೆಯಲ್ಲಿ, ಮರಡಿಯ ಕಲ್ಲುಸಂದಿಗಳಲ್ಲಿ, ಹಾಳುಬಿದ್ದ ಗೋಡೆಗಳ ಬುಡದಲ್ಲಿ. ಬೇಲಿಯಾಗಿ ನಿಲ್ಲುವ ಲಕ್ಕಿ, ದಾರಿಯ ಬದಿಯ ಎಕ್ಕಿ, ಹೊಲದಂಚಿನ ಔಡಲ, ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ, ನೆಲಕ್ಕಂಟಿ ಹರಡುವ ನೆಗ್ಗಿಲ ಮುಳ್ಳು ಮತ್ತು ಕೊಮ್ಮೆ, ಬೇಲಿಗೆ ತೂಗುಬೀಳುವ ಮಂಗರವಳ್ಳಿ, ಮನೆಯ ಹಿತ್ತಲಿನ ನುಗ್ಗೆ, ಊರ ಹೊರಗಿನ ಹುಣಸೆ, ಇವು ಕೀಲುನೋವಿಗೆ ಬಳಕೆಯಾಗುವ ಮುಖ್ಯ ಗಿಡಗಳು. ಇವುಗಳಲ್ಲಿ ಒಂದೂ ಅಪರೂಪದ್ದಲ್ಲ, ಒಂದಕ್ಕೂ ಒಡೆಯನಿಲ್ಲ. ಮುಂದಿನ ವಾದಕ್ಕೆ ಈ ಸಂಗತಿ ಬೇಕಾಗುತ್ತದೆ.

ರೋಗದ ಸ್ವರೂಪವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ದೇಹದ ಜೀವಕೋಶಗಳಲ್ಲಿಯೂ ಆಹಾರದಲ್ಲಿಯೂ ಇರುವ ಪ್ಯೂರಿನ್ ಎಂಬ ವಸ್ತು ಒಡೆದಾಗ ಕೊನೆಗೆ ಯೂರಿಕ್ ಆಮ್ಲ ಉಳಿಯುತ್ತದೆ; ಅದರ ಹೆಚ್ಚಿನ ಪಾಲನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ರಕ್ತದಲ್ಲಿ ಅದರ ಪ್ರಮಾಣ ಒಂದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ಮೀರಿ ಬಹುಕಾಲ ನಿಂತರೆ ಅದು ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂಡಿಕೊಳ್ಳುತ್ತದೆ, ದೇಹದ ರಕ್ಷಣಾ ವ್ಯವಸ್ಥೆ ಆ ಹರಳುಗಳ ಮೇಲೆ ತಿರುಗಿಬಿದ್ದಾಗ ಕೀಲು ಕೆಂಪೇರಿ, ಬಿಸಿಯಾಗಿ, ಬಾತು, ಹೊದಿಕೆಯ ಅಂಚು ತಾಗಿದರೂ ಸಹಿಸಲಾರದ ನೋವು ಏಳುತ್ತದೆ. ಬಹಳ ಸಲ ಇದು ಕಾಲಿನ ಹೆಬ್ಬೆರಳಿನ ಬುಡದಲ್ಲಿ, ರಾತ್ರಿಯ ಹೊತ್ತಿನಲ್ಲಿ ಶುರುವಾಗುತ್ತದೆ. ಆಯುರ್ವೇದದ ಚರಕಸಂಹಿತೆ ತನ್ನ ಚಿಕಿತ್ಸಾಸ್ಥಾನದ 29ನೆಯ ಅಧ್ಯಾಯವನ್ನು ಇದಕ್ಕೆ ಹೋಲುವ ರೋಗಕ್ಕೆ ಮೀಸಲಿಟ್ಟಿದೆ. ಕೆಟ್ಟ ರಕ್ತವು ವಾತದ, ಅಂದರೆ ದೇಹದಲ್ಲಿ ಚಲನೆಗೆ ಕಾರಣವಾದ ಗಾಳಿಯ ತತ್ತ್ವದ, ದಾರಿಗೆ ಅಡ್ಡವಾಗಿ ಎರಡೂ ಕೂಡಿ ಕೈಕಾಲುಗಳ ಕೀಲುಗಳಲ್ಲಿ ನೆಲೆಸುತ್ತವೆ ಎಂಬುದು ಅಲ್ಲಿನ ವಿವರಣೆ. ಹಳ್ಳಿಯ ಮಾತಿನಲ್ಲಿ ಇಷ್ಟೆಲ್ಲ ವಿವರವಿಲ್ಲ. ಅಲ್ಲಿ ಇದು ಬರೀ ವಾಯು. ವಯಸ್ಸಿನಿಂದ ಸವೆದ ಮೊಣಕಾಲು, ಆಮವಾತ, ಗೌಟ್ ಎಲ್ಲವೂ ಆ ಒಂದು ಹೆಸರಿನೊಳಗೆ ಸೇರಿಹೋಗುತ್ತವೆ.

ಈ ರೋಗಕ್ಕೆ ಚರಕಸಂಹಿತೆ ಕೊಡುವ ಇನ್ನೊಂದು ಹೆಸರು ಆಢ್ಯವಾತ, ಅಂದರೆ ಉಳ್ಳವರ ವಾತ. ಸುಕುಮಾರ ಶರೀರದವರು, ಕೂತಲ್ಲಿಂದ ಏಳದವರು, ಕುದುರೆ ಒಂಟೆಗಳ ಮೇಲೆ ತಿರುಗುವವರು, ಉಪ್ಪು ಹುಳಿ ಖಾರಗಳನ್ನು ಮಿತಿಮೀರಿ ತಿನ್ನುವವರು, ಮಾಂಸ ಮದ್ಯಗಳಲ್ಲಿ ಮುಳುಗಿದವರು ಇದಕ್ಕೆ ಈಡಾಗುತ್ತಾರೆಂದು ಅದು ಪಟ್ಟಿ ಮಾಡುತ್ತದೆ. ಯುರೋಪಿನಲ್ಲಿಯೂ ಗೌಟ್ ಶತಮಾನಗಳ ಕಾಲ ಅರಸರ ರೋಗವೆನಿಸಿಕೊಂಡಿತ್ತು. ಇಂಥ ವರ್ಣನೆಯಲ್ಲಿ ವೈದ್ಯಕೀಯ ನಿಜವೂ ಇದೆ, ನೀತಿಯ ತೀರ್ಪೂ ಅಡಗಿದೆ: ತಿಂದುಂಡು ಮೆರೆದವನಿಗೆ ತಕ್ಕ ಶಾಸ್ತಿಯಾಯಿತೆಂಬ ಧ್ವನಿ ಅದರ ಹಿಂದೆ ಕೇಳುತ್ತದೆ. ಆದರೆ ಜೋಳದ ರೊಟ್ಟಿ ಉಂಡು ಹೊಲದಲ್ಲಿ ದುಡಿಯುವ, ಮದ್ಯ ಮುಟ್ಟದ ಮನುಷ್ಯನಿಗೂ ಇದೇ ನೋವು ಬಂದಾಗ ಆ ತೀರ್ಪು ಒಂದು ಮೆಟ್ಟಿಲು ಹಿಂದಕ್ಕೆ ಸರಿಯುತ್ತದೆ. ಈ ಜನ್ಮದಲ್ಲಿ ತಪ್ಪು ಕಾಣದಿದ್ದರೆ ಹಿಂದಿನ ಜನ್ಮದಲ್ಲಿ ಹುಡುಕಲಾಗುತ್ತದೆ. ಮಾಡಿದ್ದನ್ನು ಉಣ್ಣಬೇಕು ಎಂಬ ಮಾತು ಹಾಸಿಗೆ ಹಿಡಿದವನ ತಲೆದಿಂಬಿನ ಬಳಿ ಎಷ್ಟು ಸಲೀಸಾಗಿ ಹೊರಬೀಳುತ್ತದೆಂಬುದು ಹಳ್ಳಿಯಲ್ಲಿ ಬಾಳಿದವರಿಗೆಲ್ಲ ಗೊತ್ತು.

ಶಾಸ್ತ್ರವೇ ಈ ಸಲೀಸುತನಕ್ಕೆ ಪೂರ್ತಿ ಒಪ್ಪಿಗೆ ಕೊಟ್ಟಿಲ್ಲ. ಕರ್ಮದಿಂದ ಹುಟ್ಟಿದ ರೋಗಗಳೂ ಉಂಟು, ಅವು ಆ ಕರ್ಮ ತೀರುವವರೆಗೆ ಚಿಕಿತ್ಸೆಗೆ ಬಗ್ಗುವುದಿಲ್ಲ ಎಂದು ಚರಕಸಂಹಿತೆಯ ಶಾರೀರಸ್ಥಾನ ಒಪ್ಪುತ್ತದೆ. ಆದರೆ ಅದೇ ಗ್ರಂಥದ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಊರಿಗೆ ಊರೇ ನಾಶವಾಗುವ ಪಿಡುಗುಗಳನ್ನು ಕುರಿತ ಚರ್ಚೆಯ ನಡುವೆ, ಆಯುಷ್ಯವೆಲ್ಲ ಮೊದಲೇ ನಿಗದಿಯಾಗಿರುವುದೇ ಎಂದು ಶಿಷ್ಯ ಅಗ್ನಿವೇಶ ಕೇಳಿದಾಗ, ಹಾಗಿದ್ದರೆ ಔಷಧಕ್ಕೂ ಶಾಂತಿಕರ್ಮಕ್ಕೂ ಎಚ್ಚರಿಕೆಗೂ ಅರ್ಥವೇ ಉಳಿಯುವುದಿಲ್ಲವೆಂದು ಗುರು ಆತ್ರೇಯ ಉತ್ತರಿಸುತ್ತಾನೆ; ಹಿಂದಿನ ಕರ್ಮವಾದ ದೈವ, ಈಗಿನ ಪ್ರಯತ್ನವಾದ ಪುರುಷಕಾರ ಎರಡರಲ್ಲಿ ಬಲವಾದದ್ದು ದುರ್ಬಲವಾದದ್ದನ್ನು ಮೀರುತ್ತದೆಂಬುದು ಅವನ ನಿಲುವು. ವೈದ್ಯನಾದವನು ಬೇರೆ ನಿಲುವು ತಳೆಯುವಂತೆಯೂ ಇಲ್ಲ. ಈ ರೋಗದ ವಿಷಯದಲ್ಲಿ ಜೀವವಿಜ್ಞಾನ ಇನ್ನೊಂದು ಸಂಗತಿಯನ್ನು ಸೇರಿಸಿದೆ. ಯೂರಿಕ್ ಆಮ್ಲವನ್ನು ಕರಗಿಸುವ ಯೂರಿಕೇಸ್ ಎಂಬ ಕಿಣ್ವ ಹೆಚ್ಚಿನ ಸಸ್ತನಿಗಳಲ್ಲಿದೆ. ಮನುಷ್ಯನ ಮತ್ತು ದೊಡ್ಡ ವಾನರಗಳ ಪೂರ್ವಿಕರಲ್ಲಿ ಅದು ಬಹಳ ಹಿಂದೆಯೇ ಕೆಟ್ಟುಹೋಯಿತು. ಅದರ ಮೇಲೆ, ಯಾರ ಮೂತ್ರಪಿಂಡ ಎಷ್ಟು ಯೂರಿಕ್ ಆಮ್ಲವನ್ನು ಹೊರಹಾಕುತ್ತದೆಂಬುದು ಬಹುಮಟ್ಟಿಗೆ ವಂಶದಿಂದ ಬಂದದ್ದು; ಊಟ ಕುಡಿತಗಳು ನೋವಿನ ಸರದಿಯನ್ನು ಎಬ್ಬಿಸುತ್ತವಾದರೂ ರೋಗದ ಬೇರು ಹೆಚ್ಚಾಗಿ ಅವುಗಳಿಗಿಂತ ಆಳದಲ್ಲಿದೆ. ಹಿಂದಿನಿಂದ ಬಂದ ಋಣವೊಂದು ಇದೆ ಎಂಬಷ್ಟು ಮಟ್ಟಿಗೆ ಕರ್ಮವಾದಿಯ ಊಹೆ ನಿಜವೆನ್ನಬಹುದೇನೋ. ಆದರೆ ಅದು ಯಾರೊಬ್ಬನ ಪಾಪದ ಲೆಕ್ಕಕ್ಕೂ ಸೇರದ, ಮನುಷ್ಯಕುಲವೆಲ್ಲ ಹೊತ್ತಿರುವ ಋಣ. ನೊಂದವನನ್ನು ತಪ್ಪಿತಸ್ಥನೆನ್ನಲು ಅದು ಆಸರೆಯಾಗಲಾರದು.

ಹಳ್ಳಿಯ ಚಿಕಿತ್ಸೆ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೇರು ಕೀಳುವ ಹಿಂದಿನ ಸಂಜೆ ಔಷಧ ಕೊಡುವವನು ಗಿಡದ ಬಳಿ ಹೋಗಿ ಅದರ ಬುಡಕ್ಕೆ ನೀರು ಹಾಕಿ, ಅರಿಷಿಣ ಕುಂಕುಮ ಹಚ್ಚಿ, ಕಾಂಡಕ್ಕೆ ನೂಲು ಸುತ್ತಿ, ಯಾರ ನೋವಿಗಾಗಿ ಬಂದಿರುವೆನೆಂದು ತಿಳಿಸಿ ನಾಳೆ ಬರಬೇಕೆಂದು ಗಿಡವನ್ನೇ ಕರೆಯುತ್ತಾನೆ. ಮರುದಿನ ಹೊತ್ತು ಹುಟ್ಟುವ ಮುಂಚೆ, ಯಾರೊಂದಿಗೂ ಮಾತಾಡದೆ ಹೋಗಿ, ತನ್ನ ನೆರಳು ಗಿಡದ ಮೇಲೆ ಬೀಳದಂತೆ ನಿಂತು, ಕಬ್ಬಿಣ ತಾಗಿಸದೆ ಕಟ್ಟಿಗೆಯ ಮೊನೆಯಿಂದ ಮಣ್ಣು ಸಡಿಲಿಸಿ ಬೇರು ತೆಗೆಯುತ್ತಾನೆ. ವಾರ, ಅಮಾವಾಸ್ಯೆ, ದಿಕ್ಕುಗಳ ನಿಯಮ ಮನೆತನದಿಂದ ಮನೆತನಕ್ಕೆ ಬೇರೆಯಾಗುವುದುಂಟು. ಇದಕ್ಕೆ ಹೋಲಿಸಿದರೆ ಮನೆಯ ಹೆಂಗಸರ ಚಿಕಿತ್ಸೆಯಲ್ಲಿ ಇಷ್ಟು ವಿಧಿಯಿಲ್ಲ. ಲಕ್ಕಿಯ ಸೊಪ್ಪನ್ನೂ ಹುಣಸೆಯ ಎಲೆಯನ್ನೂ ಗಡಿಗೆಯಲ್ಲಿ ಕುದಿಸಿ, ಹಬೆಗೆ ಕಾಲು ಹಿಡಿಸಿ, ಉಳಿದ ಸೊಪ್ಪನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕಾವು ಕೊಡುತ್ತಾರೆ. ಔಡಲೆಣ್ಣೆ ಸವರಿದ ಎಕ್ಕಿಯ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಬಾವಿನ ಮೇಲೆ ಕಟ್ಟುತ್ತಾರೆ. ಅಮೃತಬಳ್ಳಿಯ ಕಾಂಡವನ್ನು ಜಜ್ಜಿ ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಕುಡಿಸುತ್ತಾರೆ. ನೆಗ್ಗಿಲು, ಕೊಮ್ಮೆಗಳ ಕಷಾಯವನ್ನು ಮೂತ್ರ ಸಲೀಸಾಗಿ ಹೋಗಲೆಂದು ಕೊಡುತ್ತಾರೆ. ಗಿಣ್ಣುಗಿಣ್ಣಾಗಿ ಬೆಳೆಯುವ ಮಂಗರವಳ್ಳಿಯ ಚಟ್ನಿ ಕೀಲಿಗೆ ಒಳ್ಳೆಯದೆಂಬಲ್ಲಿ ಗಿಡದ ಆಕಾರವೇ ಅದರ ಗುಣವನ್ನು ಸೂಚಿಸುತ್ತದೆಂಬ, ಜಗತ್ತಿನ ಅನೇಕ ಕಡೆ ಕಾಣುವ ಹಳೆಯ ತರ್ಕ ಕೆಲಸ ಮಾಡುತ್ತದೆ. ಎಕ್ಕಿಯ ಕತೆ ಇನ್ನೂ ಸ್ವಾರಸ್ಯದ್ದು. ಶನಿವಾರ ಹಣಮಪ್ಪನ ಕೊರಳಿಗೆ ಬೀಳುವ ಮಾಲೆಯ ಎಲೆಯೇ ವಾಯು ಹಿಡಿದ ಮೊಣಕಾಲಿಗೂ ಬೀಳುತ್ತದೆ, ಹಣಮಪ್ಪನೋ ವಾಯುಪುತ್ರ; ಈ ನಂಟನ್ನು ಯಾರೂ ಸಿದ್ಧಾಂತವಾಗಿ ಹೇಳಿಲ್ಲದಿದ್ದರೂ ಗುಡಿ ಮತ್ತು ಹಾಸಿಗೆಗಳ ನಡುವೆ ಅದು ತಾನಾಗಿಯೇ ಬೆಸೆದುಕೊಂಡಂತಿದೆ.

ಇವುಗಳಲ್ಲಿ ಕೆಲವಕ್ಕೆ ಶಾಸ್ತ್ರದ ಬೆಂಬಲವಿದೆ. ವಾತರಕ್ತಕ್ಕೆ ಎಲ್ಲಕ್ಕಿಂತ ಮೇಲಾದ ದ್ರವ್ಯವೆಂದು ವಾಗ್ಭಟನ ಅಷ್ಟಾಂಗಹೃದಯ ಅಮೃತಬಳ್ಳಿಯನ್ನೇ ಹೆಸರಿಸುತ್ತದೆ. ಅದೇ ಗ್ರಂಥ ಈ ರೋಗಕ್ಕೆ ನೀರಿನಂಚಿನಲ್ಲಿ ಬೆಳೆಯುವ ಕೋಕಿಲಾಕ್ಷವೆಂಬ ಮುಳ್ಳುಗಿಡದ ಕಷಾಯವನ್ನೂ ಅದರ ಸೊಪ್ಪಿನ ಪಲ್ಯವನ್ನೂ ವಿಧಿಸುವಾಗ, ಆ ಕಷಾಯಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ಕರುಣೆಯ ಅಭ್ಯಾಸಕ್ಕೂ ಸಿಟ್ಟಿಗೂ ಇರುವ ಸಂಬಂಧಕ್ಕೆ ಹೋಲಿಸುತ್ತದೆ. ಔಷಧದ ಗ್ರಂಥದಲ್ಲಿ ಇಂಥದೊಂದು ಉಪಮೆ ಬಂದದ್ದು ಅಲಂಕಾರಕ್ಕಾಗಿ ಮಾತ್ರವೆಂದು ತೋರುವುದಿಲ್ಲ. ಕರುಣೆ ಒಂದು ದಿನದಲ್ಲಿ ಕೈಗೂಡುವುದಲ್ಲ, ದಿನದಿನವೂ ರೂಢಿಸಿಕೊಳ್ಳಬೇಕಾದದ್ದು. ಈ ರೋಗವೂ ಒಂದು ಗುಟುಕಿಗೆ ಹೋಗುವುದಲ್ಲ, ಬಹುಕಾಲದ ಪಥ್ಯಕ್ಕೆ ಮಣಿಯುವಂಥದ್ದು. ಇಂದಿನ ವೈದ್ಯರು ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್ ಮಾತ್ರೆಯನ್ನು ವರ್ಷಗಟ್ಟಲೆ ಬಿಡದೆ ನುಂಗಬೇಕೆಂದು ಹೇಳುವುದರ ಹಿಂದಿನ ತಿಳಿವಳಿಕೆಯೂ ಇದೇ.

ಆದರೆ ನೋವಿನ ಸರದಿಯ ವಿಷಯ ಬೇರೆ, ಮತ್ತು ಕೈಗುಣವೆಂಬ ಕಲ್ಪನೆ ಹುಟ್ಟುವುದು ಅಲ್ಲಿಯೇ. ಗೌಟಿನ ಆರಂಭದ ಸರದಿಗಳು ಏನೂ ಮಾಡದಿದ್ದರೂ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ನೋವು ತುತ್ತತುದಿಗೆ ಏರಿದ ದಿನ ರೋಗಿ ವೈದ್ಯನ ಬಳಿಗೆ ಹೋಗುತ್ತಾನೆ, ಹೋದ ದಿನದಿಂದ ಇಳಿತ ಶುರುವಾಗುತ್ತದೆ, ಇಳಿತದ ಕೀರ್ತಿ ಕಟ್ಟಿದ ಎಲೆಗೂ ಕಟ್ಟಿದ ಕೈಗೂ ಸಲ್ಲುತ್ತದೆ. ಎಲೆ ಏನೂ ಮಾಡಲಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಲಕ್ಕಿಯಲ್ಲಿ ಉರಿಯೂತ ತಗ್ಗಿಸುವ ಅಂಶಗಳಿರುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಸಿದ್ಧವಾಗುವುದಿಷ್ಟೆ: ಒಬ್ಬ ರೋಗಿ ಗುಣವಾದದ್ದು ಆ ಗಿಡದ ಗುಣಕ್ಕೆ ಸಾಕ್ಷಿಯಲ್ಲ. ಮೇಲಾಗಿ, ಸವೆದ ಮೊಣಕಾಲಿಗೆ ಹಿತವಾಗುವ ಕಾವು ಕೆಂಪೇರಿ ಉರಿಯುವ ಹೆಬ್ಬೆರಳಿಗೆ ಹಿತವಾಗಬೇಕೆಂದಿಲ್ಲ. ಅಲ್ಲಿ ಬೇಕಾದದ್ದು ತಂಪು. ವಾತರಕ್ತವನ್ನು ಚರ್ಮ ಮಾಂಸಗಳಲ್ಲಿ ನಿಂತ ಉತ್ತಾನವೆಂದೂ ಒಳಧಾತುಗಳಿಗೆ ಇಳಿದ ಗಂಭೀರವೆಂದೂ ಚರಕಸಂಹಿತೆ ಎರಡಾಗಿ ವಿಂಗಡಿಸಿ, ಉರಿಯಿರುವಲ್ಲಿ ತಂಪಿನ ಲೇಪಗಳನ್ನು ಹೇಳುವುದು ಈ ವಿವೇಕದಿಂದಲೇ. ಎಲ್ಲವನ್ನೂ ವಾಯುವೆಂದು ಕರೆದು ಎಲ್ಲಕ್ಕೂ ಕಾವು ಕೊಡುವ ರೂಢಿಯಲ್ಲಿ ಅದು ಕಳೆದುಹೋಗಿದೆ.

ಈಗ ಕಟ್ಟಳೆಗಳ ವಿಚಾರಕ್ಕೆ ಬರಬಹುದು. ಗಿಡದ ಅಪ್ಪಣೆ ಕೇಳುವುದು ಹಳ್ಳಿಯ ಮುಗ್ಧತೆಯಲ್ಲ, ಅದಕ್ಕೆ ಋಗ್ವೇದದಷ್ಟು ಹಳೆಯ ಬೇರಿದೆ. ಹತ್ತನೆಯ ಮಂಡಲದ 97ನೆಯ ಸೂಕ್ತ ಔಷಧಿಯ ಗಿಡಗಳನ್ನು ತಾಯಂದಿರೆಂದು ಕರೆಯುತ್ತದೆ, ಅವು ತಮ್ಮ ಅರಸನಾದ ಸೋಮನೊಡನೆ ಮಾತಾಡುವುದನ್ನು ಕಲ್ಪಿಸುತ್ತದೆ, ಬೇರು ಅಗೆಯುವವನಿಗೂ ಯಾರಿಗಾಗಿ ಅಗೆಯುತ್ತಾನೋ ಅವನಿಗೂ ಕೇಡಾಗದಿರಲೆಂದು ಬೇಡುತ್ತದೆ. ಔಷಧ ಸಂಗ್ರಹಿಸುವವನು ಶುಚಿಯಾಗಿ, ಪ್ರಾರ್ಥಿಸಿ, ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ ಕೀಳಬೇಕೆಂಬ ವಿಧಿ ಆಯುರ್ವೇದದಲ್ಲಿಯೂ ಉಳಿದುಬಂದಿದೆ. ಗಿಡಕ್ಕೆ ಕಿವಿಯಿದೆಯೇ, ಅದು ಒಪ್ಪಿಗೆ ಕೊಡಬಲ್ಲದೇ ಎಂದು ಕೇಳುವುದರಿಂದ ಈ ಕಟ್ಟಳೆಯ ಅರ್ಥ ಸಿಗುವುದಿಲ್ಲ. ಅಪ್ಪಣೆ ಕೇಳುವವನು ಕೇಳುವ ಹೊತ್ತಿನಲ್ಲಿ ತಾನು ಒಡೆಯನಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಒಂದು ಜೀವದಿಂದ ಇನ್ನೊಂದು ಜೀವಕ್ಕೆ ಏನನ್ನೋ ಸಾಗಿಸುವ ಮಧ್ಯಸ್ಥನಾಗಿ ನಿಲ್ಲುತ್ತಾನೆ. ಹಿಂದಿನ ಸಂಜೆಯೇ ಹೋಗಿ ಬರಬೇಕೆಂಬ ನಿಯಮದಿಂದ ಅವಸರದಲ್ಲಿ ಗಿಡ ಬೋಳಿಸುವುದು ತಪ್ಪುತ್ತದೆ, ಕತ್ತಲಲ್ಲಿ ಬೇರೆ ಗಿಡವನ್ನು ಕೀಳುವ ತಪ್ಪೂ ತಪ್ಪುತ್ತದೆ. ಈ ಲೌಕಿಕ ಲಾಭಗಳಿಗಾಗಿಯೇ ಹಿರಿಯರು ವಿಧಿಯನ್ನು ಕಟ್ಟಿದರೆಂದು ಹೇಳುವ ಇಂದಿನ ವಾಡಿಕೆ ಮಾತ್ರ ಅವರಿಗೆ ಅಷ್ಟಾಗಿ ನ್ಯಾಯ ಒದಗಿಸುವುದಿಲ್ಲ. ಅವರು ಗಿಡದೊಡನೆ ಮಾತಾಡಿದ್ದು ನಿಜವಾಗಿಯೂ ಗಿಡದೊಡನೆಯೇ.

ಹಣ ಮುಟ್ಟಬಾರದೆಂಬ ಎರಡನೆಯ ಕಟ್ಟಳೆ ಇಷ್ಟು ನೇರವಾಗಿ ವೇದಕ್ಕೆ ಹೋಗಿ ಮುಟ್ಟುವುದಿಲ್ಲ. ಮೇಲೆ ಹೇಳಿದ ಅದೇ ಸೂಕ್ತದ ವೈದ್ಯ ತನಗೆ ಕುದುರೆ, ಹಸು, ಬಟ್ಟೆ ದಕ್ಕಲೆಂದು ಸಂಕೋಚವಿಲ್ಲದೆ ಬಯಸುತ್ತಾನೆ. ಸಂಭಾವನೆಯ ಆಸೆಯೂ ಗಿಡದ ಮೇಲಿನ ಭಕ್ತಿಯೂ ಅವನಲ್ಲಿ ಒಟ್ಟಿಗೇ ಇದ್ದವು. ವೈದ್ಯವನ್ನು ಅಂಗಡಿಯ ಸರಕಿನಂತೆ ಮಾರುವುದನ್ನು ಹಳಿದು, ಜೀವಿಗಳ ಮೇಲಿನ ದಯೆಯನ್ನೇ ವೈದ್ಯನ ಧರ್ಮವಾಗಿ ನಿಲ್ಲಿಸುವ ಮಾತು ಸ್ಪಷ್ಟವಾಗಿ ಬರುವುದು ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ. ಹಳ್ಳಿಯ ಕಟ್ಟಳೆ ಅದಕ್ಕಿಂತ ಕಟ್ಟುನಿಟ್ಟು. ಕಾಯಿ, ಎಲೆ ಅಡಿಕೆ, ಒಂದು ಸೇರು ಜೋಳ ನಡೆಯುತ್ತದೆ, ರೊಕ್ಕ ನಡೆಯುವುದಿಲ್ಲ. ತನ್ನದಲ್ಲದ್ದನ್ನು ಮಾರಲು ಬರುವುದಿಲ್ಲವೆಂಬ ತರ್ಕ ಇದರ ಹಿಂದಿದೆ. ಅಪ್ಪಣೆ ಕೇಳಿ ತಂದವನಿಗೆ ಬೆಲೆ ಕಟ್ಟುವ ಅಧಿಕಾರ ಎಲ್ಲಿಂದ ಬರಬೇಕು? ಹೊಲದ ಕೆಲಸ ಬಿಟ್ಟು ಬೇರು ಹುಡುಕುವವನ ಹೊಟ್ಟೆಯ ಪ್ರಶ್ನೆಯನ್ನು ಈ ಕಟ್ಟಳೆ ಬಿಡಿಸುವುದಿಲ್ಲವೆಂಬುದೂ ನಿಜ, ಅವನ ಮಕ್ಕಳು ಈ ವಿದ್ಯೆಯಿಂದ ದೂರ ಸರಿಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಇಲ್ಲಿಯವರೆಗೆ ಎರಡೂ ಕಟ್ಟಳೆಗಳು ಒಂದೇ ತತ್ತ್ವದಿಂದ ಹೊರಡುತ್ತವೆ: ಗುಣಪಡಿಸುವ ಶಕ್ತಿ ಕೊಡಲ್ಪಟ್ಟದ್ದು, ಗಳಿಸಿದ್ದಲ್ಲ. ಮೂರನೆಯ ಕಟ್ಟಳೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ತೊಡಕು ಕಾಣಿಸುತ್ತದೆ. ಬದುವಿನ ಮೇಲೆ ಎಲ್ಲರ ಕಣ್ಣೆದುರು ಬೆಳೆದು ನಿಂತ ಗಿಡದ ಹೆಸರನ್ನು ಮುಚ್ಚಿಡಲು ಅದು ತನ್ನದೆಂಬ ಭಾವ ಬೇಕು. ಒಡೆತನವಿಲ್ಲವೆಂದು ಗಿಡದ ಮುಂದೆ ಕೈಮುಗಿದವನೇ ಮನೆಗೆ ಬಂದು ಒಡೆತನ ನಡೆಸಿದಂತಾಯಿತು. ಮಾರಬಾರದೆಂಬುದಕ್ಕೆ ಯಾವ ಕಾರಣವೋ ಬಚ್ಚಿಡಬಾರದೆಂಬುದಕ್ಕೂ ಅದೇ ಕಾರಣ ಸಲ್ಲಬೇಕು. ಹೀಗೆ ನೋಡಿದರೆ ಗುಟ್ಟಿನ ಕಟ್ಟಳೆ ಉಳಿದೆರಡರ ಒಡಹುಟ್ಟಲ್ಲ; ಬೇರೆಲ್ಲಿಂದಲೋ ಬಂದು ಅವುಗಳ ಸಾಲಿನಲ್ಲಿ ಕೂತದ್ದು.

ಇದಕ್ಕೆ ಉತ್ತರವಾಗಿ ಮೂರು ಮಾತುಗಳು ಕೇಳಿಬರುತ್ತವೆ. ಹೆಸರು ಬಯಲಾದರೆ ಗಿಡವೇ ಉಳಿಯುವುದಿಲ್ಲ, ಎಲ್ಲರೂ ಕೀಳುತ್ತಾರೆ ಎಂಬುದು ಮೊದಲನೆಯದು. ಸರ್ಪಗಂಧದಂಥ ಗಿಡದ ಮಟ್ಟಿಗೆ ಈ ಭಯಕ್ಕೆ ಆಧಾರವಿದೆ, ಎಕ್ಕಿ ಲಕ್ಕಿಗಳ ಮಟ್ಟಿಗೆ ಇಲ್ಲ. ಅರೆಬರೆ ತಿಳಿದವನ ಕೈಗೆ ಸಿಕ್ಕರೆ ಔಷಧವೇ ವಿಷವಾಗುತ್ತದೆಂಬುದು ಎರಡನೆಯದು, ಇದರ ತೂಕ ಹೆಚ್ಚು. ಗುಟ್ಟಿನಿಂದ ನಂಬಿಕೆ ಬಲಿಯುತ್ತದೆ, ನಂಬಿಕೆ ನೋವನ್ನು ತಗ್ಗಿಸುತ್ತದೆ ಎಂಬುದು ಮೂರನೆಯದು. ಇದನ್ನು ಒಪ್ಪಿಕೊಂಡರೆ ರೋಗಿಯನ್ನು ಕತ್ತಲಲ್ಲಿಟ್ಟು ಗುಣಪಡಿಸಬಹುದೆಂದು ಒಪ್ಪಿದಂತಾಗುತ್ತದೆ; ದಯೆಯ ಹೆಸರಿನಲ್ಲಿ ಅದನ್ನು ಸಮರ್ಥಿಸುವುದು ಕಷ್ಟ.

ಎರಡನೆಯ ಮಾತನ್ನು ಅಗ್ನಿಶಿಖೆಯೆಂಬ ಬಳ್ಳಿಯಿಂದ ಪರೀಕ್ಷಿಸಬಹುದು. ಮಳೆಗಾಲದಲ್ಲಿ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂಥ ಹಳದಿಗೆಂಪು ಹೂ ಬಿಡುವ, ಸಂಸ್ಕೃತದಲ್ಲಿ ಲಾಂಗಲಿಯೆನಿಸಿಕೊಂಡ ಈ ಬಳ್ಳಿಯ ಗಡ್ಡೆಯನ್ನು ಅರೆದು ನೋವಿರುವ ಕೀಲಿಗೆ ಲೇಪಿಸುವ ರೂಢಿ ಹಲವೆಡೆ ಇದೆ. ಅದರ ಗಡ್ಡೆಯಲ್ಲಿಯೂ ಬೀಜದಲ್ಲಿಯೂ ಇರುವುದು ಕಾಲ್ಚಿಸಿನ್, ಅಂದರೆ ಇವತ್ತಿಗೂ ಗೌಟಿನ ಸರದಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದು. ಯುರೋಪಿನಲ್ಲಿ ಅದರ ಮೂಲ ಬೇರೊಂದು ಗಿಡ. ಕಾಲ್ಚಿಕಮ್ ಎಂಬ ಆ ಹೂಗಿಡದ ಗಡ್ಡೆಯಿಂದ 1820ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವೆಂಟು ಎಂಬ ರಸಾಯನಜ್ಞರು ಕಾಲ್ಚಿಸಿನ್ನನ್ನು ಬೇರ್ಪಡಿಸಿದರು. ಇಂದು ಮಾತ್ರೆಯ ಪ್ರಮಾಣ ಅರ್ಧ ಮಿಲಿಗ್ರಾಮಿನ ಲೆಕ್ಕದಲ್ಲಿದೆ, ಏಕೆಂದರೆ ನೋವು ಇಳಿಸುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಡಿಮೆ. ಗಡ್ಡೆಯಲ್ಲಿ ಅದು ಎಷ್ಟಿದೆಯೆಂದು ಕಣ್ಣಳತೆಯಿಂದ ಹೇಳಲಾಗದು. ಗಡ್ಡೆ ತಿಂದು ಸತ್ತವರ ದಾಖಲೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ, ಆಯುರ್ವೇದವೂ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿ ಶುದ್ಧಿ ಮಾಡದೆ ಮುಟ್ಟಬಾರದೆನ್ನುತ್ತದೆ. ಹಾಗಾದರೆ ಇಂಥ ಗಿಡದ ಹೆಸರನ್ನು ಮುಚ್ಚಿಡುವುದೇ ಕ್ಷೇಮವಲ್ಲವೇ ಎಂದರೆ, ಅಲ್ಲ. ವಾಂತಿ ಭೇದಿಯಿಂದ ಕಂಗೆಟ್ಟು ಆಸ್ಪತ್ರೆ ಸೇರಿದ ರೋಗಿಯ ಹೊಟ್ಟೆಗೆ ಏನು ಹೋಗಿದೆಯೆಂದು ತಿಳಿಯದೆ ವೈದ್ಯರು ತಡಕಾಡಬೇಕಾಗುವುದು ಗುಟ್ಟಿನಿಂದಲೇ. ಅಮೃತಬಳ್ಳಿಯ ವಿಷಯದಲ್ಲಿಯೂ ಇದೇ ಆಯಿತು. ಕೊರೋನಾ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾಯಿತೆಂದು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದಾಗ, ಸೇವಿಸಿದ್ದು ನಿಜವಾದ ಅಮೃತಬಳ್ಳಿಯೋ ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯೋ ಎಂಬುದರ ಮೇಲೆಯೇ ಆಯುಷ್ ಸಚಿವಾಲಯದ ತಕರಾರು ನಿಂತಿತು. ಗಿಡದ ಗುರುತು ಬಾಯಿಂದ ಬಾಯಿಗೆ ತೆರೆದಿದ್ದರೆ ಮಾತ್ರ ಇಂಥ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಕನ್ನಡದ ಸ್ವಂತ ಪರಂಪರೆ ಈ ವಿಷಯದಲ್ಲಿ ಗುಟ್ಟಿನ ಪಕ್ಷದಲ್ಲಿಲ್ಲವೆಂಬುದು ಗಮನಿಸತಕ್ಕದ್ದು. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿದ್ದ ಜೈನ ಆಚಾರ್ಯ ಉಗ್ರಾದಿತ್ಯ ತನ್ನ ಸಂಸ್ಕೃತ ಕಲ್ಯಾಣಕಾರಕದಲ್ಲಿ ಔಷಧಕ್ಕಾಗಿ ಮಾಂಸ ಬಳಸುವುದನ್ನು ವಾದಮಾಡಿ ಖಂಡಿಸಿದ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದು ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದಾಗ ಮದ್ಯ, ಮಾಂಸ, ಜೇನುಗಳಿಲ್ಲದ ಚಿಕಿತ್ಸೆಯನ್ನು ಮುಂದಿಟ್ಟ. ಅಹಿಂಸೆಯ ವ್ರತದಿಂದ ಬಿಟ್ಟ ಮದ್ಯಮಾಂಸಗಳೇ ಗೌಟಿನ ಸರದಿಯನ್ನು ಎಬ್ಬಿಸುವ ವಸ್ತುಗಳೂ ಆಗಿರುವುದು ಆಕಸ್ಮಿಕವೇ ಇರಬಹುದು, ಆದರೂ ಧರ್ಮದ ಕಾರಣದಿಂದ ಹಿಡಿದ ಪಥ್ಯ ವೈದ್ಯದ ಕಾರಣಕ್ಕೂ ಹೊಂದಿಕೊಂಡಿದೆ. 14ನೆಯ ಶತಮಾನದ ಮಂಗರಾಜ ವಿಷಗಳನ್ನೂ ಅವುಗಳ ಮದ್ದನ್ನೂ ಕುರಿತು ಕನ್ನಡದಲ್ಲಿಯೇ ಖಗೇಂದ್ರಮಣಿದರ್ಪಣವನ್ನು ಬರೆದ. ಅರೆಬರೆ ತಿಳಿದವರ ಕೈಗೆ ಸಿಕ್ಕೀತೆಂದು ಹೆದರಬೇಕಾದ ವಿದ್ಯೆ ಯಾವುದಾದರೂ ಇದ್ದರೆ ಅದು ವಿಷವಿದ್ಯೆ. ಅದನ್ನೇ ಅವನು ಓದಬಲ್ಲವರೆಲ್ಲರ ಮುಂದೆ ಬಿಚ್ಚಿಟ್ಟ.

ಶರಣರಲ್ಲಿ ವೈದ್ಯ ಸಂಗಣ್ಣ ಕಾಯಕದಿಂದ ವೈದ್ಯ, ವಾತ ಪಿತ್ತಾದಿಗಳ ಪರಿಭಾಷೆಯಲ್ಲಿಯೇ ಶಿವಾನುಭವವನ್ನು ನುಡಿದವನು. ಕಾಯಕದಿಂದ ಬಂದದ್ದು ದಾಸೋಹಕ್ಕೆ, ಅಂದರೆ ಸಮುದಾಯದ ಬಳಕೆಗೆ ಸಲ್ಲಬೇಕೆಂಬ ಶರಣರ ನಿಲುವನ್ನು ಅರಿವಿಗೂ ಅನ್ವಯಿಸಿದರೆ, ಹಂಚದ ಅರಿವು ಕೂಡಿಟ್ಟ ಧನದಂತೆಯೇ ದೋಷವಾಗುತ್ತದೆ. ಶರಣರ ವಚನಗಳೂ ಒಂದು ಕಾಲಕ್ಕೆ ಮನೆ ಮಠಗಳ ಜಗುಲಿಗಳಲ್ಲಿ ತಾಡೋಲೆಯ ಕಟ್ಟುಗಳಾಗಿ ಪೂಜೆಗೊಳ್ಳುತ್ತ ಮುಚ್ಚಿಹೋಗಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವುಗಳನ್ನು ಊರೂರು ಅಲೆದು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದು, ಮುಂದೆ ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿಕೊಂಡರು. ಪೂಜೆಯ ಕಟ್ಟು ಬಿಚ್ಚಿದರೆ ಅದರ ಮಹಿಮೆ ಹೋಗುತ್ತದೆಂಬ ಅಳುಕು ಆಗಲೂ ಇದ್ದಿರಬೇಕು. ಬಿಚ್ಚಿದ ಮೇಲೆ ವಚನಗಳಿಗೆ ಏನೂ ಕಡಿಮೆಯಾಗಲಿಲ್ಲ. ನಮ್ಮ ಕಾಲದಲ್ಲಿ ಇದೇ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು, 2023ರ ಜನವರಿ 2ರಂದು ದೇಹಬಿಟ್ಟ ಸಿದ್ಧೇಶ್ವರ ಸ್ವಾಮೀಜಿಯವರ ಬಾಳಿನಲ್ಲಿ ಈ ವಿಂಗಡಣೆ ತಾನಾಗಿಯೇ ಕಾಣುತ್ತದೆ. ಅವರ ಅಂಗಿಗೆ ಜೇಬಿರಲಿಲ್ಲ, 2018ರಲ್ಲಿ ಬಂದ ಪದ್ಮಶ್ರೀಯನ್ನು ಅವರು ಒಲ್ಲೆನೆಂದರು. ಆದರೆ ಉಪನಿಷತ್ತು ಯೋಗಸೂತ್ರಗಳನ್ನು ದೀಕ್ಷೆ ಪಡೆದವರಿಗೆಂದು ಮುಚ್ಚಿಡದೆ ಊರೂರಿನ ಬಯಲಿನಲ್ಲಿ ನಸುಕಿನ ಪ್ರವಚನಗಳಾಗಿ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಿದರು. ಕೊಳ್ಳುವುದೂ ಇಲ್ಲ, ಮುಚ್ಚುವುದೂ ಇಲ್ಲವೆಂಬ ಈ ನಡೆ ಗಾಂವಟಿ ವೈದ್ಯನ ಮೂರು ಕಟ್ಟಳೆಗಳಲ್ಲಿ ಮೊದಲೆರಡನ್ನು ಉಳಿಸಿಕೊಂಡು ಮೂರನೆಯದನ್ನು ಕೈಬಿಟ್ಟದ್ದಕ್ಕೆ ಸಮ.

ಗುಟ್ಟಿನ ಪರವಾಗಿ ಉಳಿಯುವ ಗಟ್ಟಿ ವಾದ ಒಂದೇ, ಅದು ಹಳ್ಳಿಯೊಳಗಿನದಲ್ಲ. ತೆರೆದಿಟ್ಟ ಅರಿವನ್ನು ಹೊರಗಿನ ವ್ಯಾಪಾರ ಎತ್ತಿಕೊಂಡು ತನ್ನದೆಂದು ಬೇಲಿ ಹಾಕಬಹುದು. ಅರಿಷಿಣದಿಂದ ಗಾಯ ಮಾಯುತ್ತದೆಂಬುದರ ಮೇಲೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟು, ಭಾರತ ಆಕ್ಷೇಪಿಸಿದ ಮೇಲೆ 1997ರಲ್ಲಿ ಅದನ್ನು ರದ್ದುಮಾಡಿದ್ದು ಎಲ್ಲರಿಗೂ ನೆನಪಿದೆ. ಆಗ ನೆರವಿಗೆ ಬಂದದ್ದು ಕೂಡ ಗುಟ್ಟಲ್ಲ, ಮೊದಲೇ ಅಚ್ಚಾಗಿದ್ದ ಬರಹಗಳು. ಇಂಥ ಕಳವನ್ನು ತಡೆಯಲೆಂದೇ 2002ರ ಜೈವಿಕ ವೈವಿಧ್ಯ ಕಾಯಿದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಒಂದು ಸಮಿತಿಯನ್ನು ಕಲ್ಪಿಸಿತು, ಆ ಸಮಿತಿ ಊರಿನ ಗಿಡ, ಪ್ರಾಣಿ, ಅವುಗಳ ಬಳಕೆಯ ತಿಳಿವಳಿಕೆಗಳನ್ನು ಜನರಿಂದಲೇ ಕೇಳಿ ದಾಖಲಾತಿಯೊಂದರಲ್ಲಿ ಬರೆಯಬೇಕೆಂಬ ನಿಯಮ ಬಂತು, ಆ ತಿಳಿವಳಿಕೆಯಿಂದ ಲಾಭ ಮಾಡಿಕೊಂಡವರು ಅದರ ವಾರಸುದಾರರಿಗೆ ಪಾಲು ಕೊಡಬೇಕೆಂದಾಯಿತು. ಇಲ್ಲಿ ಕಾಯಿದೆಯ ಭಾಷೆಗೂ ವೈದ್ಯನ ವ್ರತಕ್ಕೂ ಮುಖಾಮುಖಿಯಾಗುತ್ತದೆ. ಪಾಲು ಸಲ್ಲಬೇಕಾದರೆ ಯಾರಿಗೆ ಸಲ್ಲಬೇಕೆಂದು ಗೊತ್ತಾಗಬೇಕು, ಅಂದರೆ ಅರಿವಿಗೆ ಒಬ್ಬ ಒಡೆಯನೋ ಒಂದು ಸಮುದಾಯವೋ ಇರಬೇಕು. ಕಳ್ಳನಿಂದ ಕಾಯಲು ಮೊದಲು ಅದನ್ನು ಸ್ವತ್ತಾಗಿಸಬೇಕು. ಗಿಡದ ಮುಂದೆ ನಿಂತು ಇದು ನನ್ನದಲ್ಲವೆಂದು ಹೇಳಿ ಬೇರು ತಂದವನು ಗ್ರಾಮ ಪಂಚಾಯತಿಯ ದಾಖಲಾತಿಯಲ್ಲಿ ಅದೇ ಬೇರಿನ ತಿಳಿವಳಿಕೆಗೆ ಯಾರ ಹೆಸರು ಬರೆಸಬೇಕೆಂಬುದಕ್ಕೆ ಕಾಯಿದೆಯಲ್ಲಿಯೂ ಉತ್ತರವಿಲ್ಲ, ಅವನ ಮನೆತನದ ಕಟ್ಟಳೆಯಲ್ಲಿಯೂ ಇಲ್ಲ.